ಚಿಕ್ಕತಾಯಮ್ಮ ಕೇಳಿದ ಮಾಹಿತಿ

ಶಿಂಷೆಗೆ ಹೊಸ ನೀರು ಬಂದ ದಿನ ಅದರ ವಾಸನೆ ನಮ್ಮ ಅಂಗಡಿಯವರೆಗೂ ಬರುತ್ತದೆ. ಕಬ್ಬಿನ ತರಗು ಕೊಳೆತದ್ದು, ಕೆಮ್ಮಣ್ಣು, ಮೇಲಿನ ಯಾವುದೋ ಊರಿನ ತಿಪ್ಪೆ ಎಲ್ಲ ಸೇರಿ ಕಲಸಿದಂಥ ವಾಸನೆ. ಮೊನ್ನೆ ಅದು ಬಂದಾಗ ನಾನು ಜೆರಾಕ್ಸ್ ಮೆಷೀನಿಗೆ ಕಾಗದ ತುಂಬುತ್ತಿದ್ದೆ. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಒಂದಕ್ಕೊಂದು ಅಂಟಿಕೊಂಡುಬಿಡುತ್ತದೆ. ಕಟ್ಟು ಬಿಚ್ಚಿ, ಎಲೆ ಬಿಡಿಸಿದ ಹಾಗೆ ಬಿಡಿಸಿ, ಗಾಳಿ ಆಡಿಸಿ ಆಮೇಲೆ ಹಾಕಬೇಕು. ಬಿಡಿಸುತ್ತಾ ಬಿಡಿಸುತ್ತಾ ಕೈ ನಿಂತಿತು. ಕೆಲವು ವರ್ಷಗಳ ಹಿಂದೆ ಇದೇ ಬೆಂಚಿನ ಮೇಲೆ ಒಂದು ವರ್ಷವಿಡೀ ಬಂದು ಕೂತುಹೋದ ಚಿಕ್ಕತಾಯಮ್ಮ ನೆನಪಾದಳು.

ನಮ್ಮದು ಮದ್ದೂರಿನ ತಾಲ್ಲೂಕು ಕಚೇರಿ ಎದುರಿನ ಸಣ್ಣ ಅಂಗಡಿ. ನಮ್ಮ ಯಜಮಾನರು ಜೆರಾಕ್ಸ್ ನೋಡಿಕೊಳ್ಳುತ್ತಾರೆ, ನಾನು ಅರ್ಜಿ ಟೈಪು ಮಾಡುತ್ತೇನೆ. ಪಹಣಿ ತಿದ್ದುಪಡಿ, ವಿಧವಾ ವೇತನ, ಪಡಿತರ ಚೀಟಿಗೆ ಹೆಸರು ಸೇರಿಸುವುದು, ಹೀಗೆ. ಮಾಹಿತಿ ಹಕ್ಕಿನ ಅರ್ಜಿಯೂ ಬರುತ್ತದೆ. ಅದನ್ನು ಬರೆಸುವವರಲ್ಲಿ ಎರಡು ಜಾತಿ. ಅಕ್ಕಪಕ್ಕದವರ ಮೇಲಿನ ಸಿಟ್ಟಿಗೆ ಬರೆಸುವವರು ಕೆಲವರು. ಕಚೇರಿಗೆ ತಿರುಗಿ ತಿರುಗಿ ಚಪ್ಪಲಿ ಸವೆದ ಮೇಲೆ, ಇದೊಂದು ಉಳಿದಿದೆಯಂತಲ್ಲ ಎಂದು ಬರುವವರು ಉಳಿದವರು. ಚಿಕ್ಕತಾಯಮ್ಮ ಇವೆರಡಕ್ಕೂ ಸೇರಿದವಳಲ್ಲ.

ಅವಳು ಮೊದಲು ಬಂದದ್ದು ಅವರೆಕಾಯಿ ಕಾಲದಲ್ಲಿ. ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ನನ್ನ ವಯಸ್ಸಿನವಳೇ, ಐವತ್ತರ ಆಸುಪಾಸು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದ ಅವರೆಕಾಯಿಯನ್ನು ಕೀಬೋರ್ಡಿನ ಪಕ್ಕ ಸುರಿದಳು. ಬೇಡ ಅನ್ನುವ ಮೊದಲೇ, ಸೊಗಡಿನ ಕಾಯಿ, ಸಾರು ಮಾಡ್ಕಳಿ ಅಂದಳು. ಆಮೇಲೆ ಬೆಂಚಿನ ಮೇಲೆ ಕೂತು, ಕೇಳದಿದ್ದರೂ ತಾನೇ ಹೇಳಿದಳು. ಊರು ವೈದ್ಯನಾಥಪುರದಿಂದ ಆಚೆ, ಹೊಳೆ ದಂಡೆಯ ಮೇಲೆ. ಅದೇ ಊರಿನಲ್ಲೇ ಹುಟ್ಟಿ, ಅದೇ ಊರಿಗೇ ಕೊಟ್ಟಿದ್ದರಂತೆ. ತವರು ಎರಡು ಬೀದಿ ದಾಟಿದರೆ ಸಿಗುತ್ತದೆ. ಅಪ್ಪ ಬೋರೇಗೌಡರು ಊರಿನಲ್ಲಿ ನ್ಯಾಯ ಹೇಳುತ್ತಿದ್ದವರು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮನಸ್ತಾಪ ಎಲ್ಲ ಅವರ ಜಗಲಿಯಲ್ಲೇ ತೀರುತ್ತಿತ್ತು. ಕಡೆಕಡೆಗೆ ಬುದ್ಧಿ ಕದಲಿತ್ತು. ಒಂದು ದಿನ ಮಗಳನ್ನು ಮಗಳು ಅನ್ನುತ್ತಿದ್ದರು, ಮಾರನೆ ದಿನ ಸತ್ತುಹೋದ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದರು. ಇದ್ದದ್ದು ಮಗ ನಂಜೇಗೌಡನ ಮನೆಯಲ್ಲಿ. ಆದರೆ ಬೆಳಗಿನ ಕಾಫಿ ಮಾತ್ರ ಮಗಳ ಮನೆಯಲ್ಲೇ ಆಗಬೇಕು.

ಆಷಾಢದಲ್ಲಿ ಒಂದು ಬೆಳಗ್ಗೆ ಕಾಫಿ ಕುಡಿದು ಎದ್ದು ಹೋದವರು ಮಗನ ಮನೆ ತಲುಪಲಿಲ್ಲ. ಸೋನೆ ಹಿಡಿದಿತ್ತು. ಕಬ್ಬಿನ ಗದ್ದೆಯೊಳಗೆಲ್ಲ ಹೆಸರು ಕೂಗಿ ಹುಡುಕಿದರು. ದೇವಸ್ಥಾನದ ಹಿಂದೆ, ಸೇತುವೆ ಕೆಳಗೆ, ಮಂಡ್ಯದ ಆಸ್ಪತ್ರೆಯಲ್ಲಿ, ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ, ಎಲ್ಲ ಕಡೆ. ನಂಜೇಗೌಡ ಪೊಲೀಸ್ ಕಂಪ್ಲೇಂಟು ಕೊಟ್ಟ. ಶ್ರಾವಣ ಹೋಯಿತು, ಗೌರಿ ಹೋಯಿತು. ಪಿತೃಪಕ್ಷ ಬಂತು.

ನಮ್ಮ ಕಡೆ ಪಕ್ಷದಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಹೊಸ ಬಟ್ಟೆ, ಕಜ್ಜಾಯ, ಮಾಂಸದ ಸಾರು, ಎಲೆ ಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ, ಎಲ್ಲರೂ ಸ್ವಲ್ಪ ಹೊತ್ತು ಆಚೆ ನಿಲ್ಲುವುದು. ಅವರು ಬಂದು ಉಂಡು ಹೋಗುತ್ತಾರೆ ಅಂತ. ಆ ವರ್ಷ ಅವಳ ಅಮ್ಮನಿಗೆ ಎಡೆ ಇಟ್ಟರು. ಅಪ್ಪನಿಗೆ ಇಡಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

"ಎಡೆ ಇಕ್ಕುದ್ರೆ ಬದುಕಿರೋನ ನಾವೇ ಸಾಯ್ಸ್‌ದಂಗಾಯ್ತದೆ" ಅಂದಳು ಚಿಕ್ಕತಾಯಮ್ಮ. "ಇಕ್ಕದೆ ಇದ್ದು, ಅವ್ನು ಸತ್ತೋಗಿದ್ರೆ? ಎಲ್ಲಾರ್ ಅಪ್ದಿರೂ ಒಳೀಕ್ ಓಗಿ ಉಣ್ತಿರ್ತರೆ, ನಮ್ಮಪ್ಪ ಅಸ್ಕಂಡು ಬಾಗ್ಲಲ್ ನಿಂತಿರ್ತನೆ. ಅದ್ಕೆ ಬಂದೆ ಕಣಕ್ಕ. ಗೌರ್ಮೆಂಟ್ನೋರ್ನ ಕೇಳುದ್ರೆ ಯೋಳ್ಲೇಬೇಕು ಅನ್ನೋ ಕಾನೂನು ಅದಂತಲ್ಲ, ಅದ್ರಲ್ ಕೇಳ್ಬುಡಿ. ಮುಂದಿನ್ ಪಕ್ಸುಕ್ ಎಡೆ ಇಕ್ಕಬೇಕಾ ಬ್ಯಾಡ್ವಾ ಅನ್ನೋದೊಂದು ಗೊತ್ತಾಗ್ಲಿ ಸಾಕು."

ಆ ಕಾನೂನಿನಲ್ಲಿ ಹಾಗೆ ಕೇಳಲು ಬರುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ಯಾಕೆ ಅಂತ ಕೇಳುವ ಹಾಗಿಲ್ಲ, ಏನಾಗಿರಬಹುದು ಅಂತಲೂ ಕೇಳುವ ಹಾಗಿಲ್ಲ. ಕಚೇರಿಯ ಕಡತದಲ್ಲಿ ಏನು ಬರೆದಿದ್ದಾರೋ ಅದರ ನಕಲು ಕೇಳಬಹುದು, ಕಡತವನ್ನೇ ಕಣ್ಣಾರೆ ನೋಡುತ್ತೇನೆ ಅನ್ನಬಹುದು. ಒಂದು ಅರ್ಜಿಗೆ ಒಂದೇ ವಿಷಯ, ಅದೂ ನೂರೈವತ್ತು ಪದದೊಳಗೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆಗಿಡಬೇಕು. ಒಂದು ತಿಂಗಳಲ್ಲಿ ಉತ್ತರ ಬರಬೇಕು. ಅವಳು ಎಲ್ಲಕ್ಕೂ ತಲೆ ಆಡಿಸಿದಳು. ಅವಳಿಗೆ ಓದು ಬರಹ ಇರಲಿಲ್ಲ. ಹೆಸರೊಂದನ್ನು ಮಾತ್ರ, ರಂಗೋಲಿ ಎಳೆದ ಹಾಗೆ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದಳು.

ಅಪ್ಪನ ಹೆಸರು, ವಯಸ್ಸು, ಕಂಪ್ಲೇಂಟಿನ ನಂಬರು ಹಾಕಿದೆ. ಗುರುತು, ಬಟ್ಟೆಬರೆ ಎಲ್ಲ ಅಣ್ಣ ಟೇಸನ್ನಲ್ಲಿ ಬರೆಸವ್ನೆ ಅಂದಳು. ಪದ ಉಳಿಯಿತು ಎಂದು ಅದನ್ನು ಬಿಟ್ಟೆ. ಆಮೇಲೆ ನನಗೆ ತೋಚಿದ್ದನ್ನು ಹೇಳಿದೆ. ಈ ತಿಂಗಳುಗಳಲ್ಲಿ ಗುರುತು ಸಿಗದ ಶವಗಳು ಎಲ್ಲೆಲ್ಲಿ ಸಿಕ್ಕಿವೆ, ಅವುಗಳ ವಿವರ ಕೊಡಿ ಅಂತಲೂ ಕೇಳಬೇಕಮ್ಮ, ಅದೇ ಮುಖ್ಯ.

ಅವಳು ಎದ್ದು ಬಂದು ಕೀಬೋರ್ಡಿನ ಮೇಲೆ ಅಂಗೈ ಇಟ್ಟುಬಿಟ್ಟಳು. ಪರದೆಯ ಮೇಲೆ ಏನೇನೋ ಅಕ್ಷರ ಸಾಲುಗಟ್ಟಿ ಓಡಿತು.

"ಆ ಪದ ಬರೀಬ್ಯಾಡಿ. ಬರ್ದು, ನಾನ್ ರುಜು ಆಕಿ, ಅವ್ರು ಸೀಲ್ ಒಡದ್ಮೇಲೆ ಅದು ಆಗೋಯ್ತದೆ. ನಾನೇ ಮಗಳಾಗಿ ಬರ್ಕೊಟ್ಟಂಗಾಯ್ತದೆ."

ಕೇಳದೆ ಇದ್ದರೆ ಅವರು ಕೊಡುವುದಿಲ್ಲ ಅಂದೆ. ಯಜಮಾನರೂ ಆ ಕಡೆಯಿಂದ ಹೇಳಿದರು. ಅವಳು ಕೈ ತೆಗೆಯಲಿಲ್ಲ. ನಮ್ಮಲ್ಲಿ ಇದು ಹೊಸದೂ ಅಲ್ಲ. ಬದುಕಿರುವವರ ಬಗ್ಗೆ ಆ ಮಾತು ಬಾಯಲ್ಲಿ ಬಂದರೆ ಬಿಡ್ತು ಅಂತ ಹಿರಿಯರು ಗದರಿಸುತ್ತಾರೆ; ಅವಳು ಹೇಳುತ್ತಿದ್ದದ್ದು ಕಾಗದದ ಮೇಲೆ ಬರೆದು ಸರ್ಕಾರಕ್ಕೆ ಕಳಿಸುವ ಮಾತು. ಕೊನೆಗೆ ಅವಳು ಒಪ್ಪಿದಷ್ಟನ್ನೇ ಟೈಪು ಮಾಡಿದೆ. ಸದರಿ ವ್ಯಕ್ತಿಯನ್ನು ಪತ್ತೆ ಮಾಡಲು ಇದುವರೆಗೆ ಕೈಗೊಂಡ ಕ್ರಮಗಳೇನು, ಆಶ್ರಮ, ಮಠ, ಆಸ್ಪತ್ರೆಗಳಲ್ಲಿ ವಿಚಾರಿಸಿದ ಬಗ್ಗೆ ದಾಖಲೆ ಇದ್ದರೆ ನಕಲು ಕೊಡುವುದು.

ಒಂದು ತಿಂಗಳಿಗೆ ಸರಿಯಾಗಿ ಉತ್ತರ ಬಂತು, ಒಂದೇ ಹಾಳೆ. ಸದರಿ ವ್ಯಕ್ತಿಯು ಇದುವರೆಗೂ ಪತ್ತೆಯಾಗಿರುವುದಿಲ್ಲ, ಪತ್ತೆಕಾರ್ಯ ಮುಂದುವರಿದಿರುತ್ತದೆ. ಕೇಳಿದ್ದಕ್ಕೆ ತಕ್ಕ ಉತ್ತರ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ಎರಡು ಸಲ ಓದಿಸಿಕೊಂಡಳು. ಮುಂದುವರಿದಿರುತ್ತದೆ ಅನ್ನುವಲ್ಲಿ ಅವಳ ಮುಖ ಸ್ವಲ್ಪ ಹಗುರಾಯಿತು. ಉಡುಕ್ತಾವ್ರೆ ಅಂದ್ರೆ ಬದುಕವ್ನೆ ಅಂತ ಅಲ್ವಾ ಅಕ್ಕ ಅಂದಳು. ನಾನು ಹಾಳೆಗೆ ಪ್ಲಾಸ್ಟಿಕ್ ಕವರು ಹಾಕಿಕೊಟ್ಟೆ.

ಆ ಚಳಿಗಾಲವೆಲ್ಲ ಅವಳು ಬರುತ್ತಲೇ ಇದ್ದಳು. ಕೆಲಸ ಏನೂ ಇರುತ್ತಿರಲಿಲ್ಲ. ಸಂತೆಗೋ ಆಸ್ಪತ್ರೆಗೋ ಬಂದವಳು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಕಚೇರಿಗೆ ಹೋಗಿಬರುವ ಮುದುಕರನ್ನೆಲ್ಲ ನೋಡುತ್ತಿದ್ದಳು. ಯಾರಾದರೂ ಬೆನ್ನು ಬಾಗಿಸಿ ನಡೆಯುವವರು ಕಂಡರೆ ಎದ್ದು ನಿಂತುಬಿಡುತ್ತಿದ್ದಳು. ಮತ್ತೆ ಕೂರುತ್ತಿದ್ದಳು. ನಾನು ಟೀ ತರಿಸಿದರೆ ಅರ್ಧ ಕುಡಿದು ಲೋಟ ಇಡುತ್ತಿದ್ದಳು.

ಒಂದು ದಿನ ಅವಳ ಅಣ್ಣ ನಂಜೇಗೌಡನೇ ಬಂದ. ಎತ್ತರದ ಆಳು, ಬಿಳಿ ಶರ್ಟು, ಹೆಗಲ ಮೇಲೆ ಟವಲ್ಲು. ಬೈಕು ನಿಲ್ಲಿಸಿದವನೇ, ನಮ್ಮನೆ ಇಚಾರ ಗೌರ್ಮೆಂಟಿಗೆ ಬರ್ಕೊಡೋರು ನೀವೇನಾ ತಾಯಿ ಅಂದ. ಜಗಳಕ್ಕೆ ಬಂದವನ ಹಾಗೆ ಕಂಡರೂ ಕೂತ ಮೇಲೆ ದನಿ ಇಳಿಯಿತು. ಅಪ್ಪ ಎಲ್ಲೋ ಮಠದಲ್ಲಿ ಉಂಡುಕೊಂಡು ಆರಾಮಾಗಿದ್ದಾರೆ ಅಂದ. ಆತಗೂರಿನ ಕಡೆಯವನೊಬ್ಬ ಯಾವುದೋ ಕ್ಷೇತ್ರದ ಊಟದ ಸಾಲಿನಲ್ಲಿ ಕಂಡೆ ಅಂತ ಹೇಳಿದ್ದನಂತೆ. ಇವನು ಹೋಗುವಷ್ಟರಲ್ಲಿ ಇರಲಿಲ್ಲವಂತೆ. "ಅವ್ಳಿಗೆ ಯೋಳಿ, ಸುಮ್ನಿರು ಅಂತವ. ಕೆದಕಿ ಕೆದಕಿ ಇಲ್ಲದ್ದ ತಂದ್ಕತಾಳೆ" ಅಂದು ಎದ್ದ. ಹೋಗುವಾಗ, ಆ ಉತ್ತರದ ಹಾಳೆಯ ಜೆರಾಕ್ಸು ನನಗೂ ಒಂದು ಕೊಡಿ ಎಂದು ಈಸಿಕೊಂಡು, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

ಯುಗಾದಿ ಕಳೆದ ಮೇಲೆ ಬಿಸಿಲು ಸುಡತೊಡಗಿತ್ತು. ಒಂದು ಮಧ್ಯಾಹ್ನ ಚಿಕ್ಕತಾಯಮ್ಮ ಬಂದು ನೀರು ಕುಡಿದು ಕೂತಳು. ಯಜಮಾನರು ಊಟಕ್ಕೆ ಮನೆಗೆ ಹೋದ ಮೇಲೆ ಬಾಯಿಬಿಟ್ಟಳು. ಅವರ ಬೀದಿಯ ಒಬ್ಬ ಮುದುಕರು ತೀರಿಕೊಂಡಿದ್ದರಂತೆ. ಮೂರನೆಯ ದಿನ ಹಾಲುತುಪ್ಪಕ್ಕೆ ಇವಳೂ ಹೋಗಿದ್ದಳು. ಆ ಮನೆಯ ಮಗಳು ಗುಡ್ಡೆ ಮಾಡಿದ ಹಸಿಮಣ್ಣಿನ ಮೇಲೆ ಹಾಲು ಬಿಟ್ಟು, ಬಗ್ಗಿ, ಕೈಯಿಂದ ಸವರಿ ಅಳುತ್ತಿದ್ದಳಂತೆ.

"ನಂಗ್ ಒಟ್ಟೆಕಿಚ್ಚಾಯ್ತು ಕಣಕ್ಕ" ಅಂದಳು. "ಅಪ್ಪುನ್ ಕಳ್ಕಂಡೋಳ್ನ ನೋಡಿ ಒಟ್ಟೆಕಿಚ್ಚು. ಅವ್ಳಿಗೆ ಸವರಾಕೆ ಮಣ್ಣಾರೂ ಅದೆ."

ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ಬಂದು ನನ್ನ ಕುರ್ಚಿಯ ಪಕ್ಕ ನಿಂತಳು.

"ಬರೀರಿ. ಎಣ ಅಂತ್ಲೇ ಬರೀರಿ."

ಬರೆದೆ. ಸರ್ಕಾರದ ಮಾತಿನಲ್ಲಿ ಅದು ಅಪರಿಚಿತ ಪುರುಷ ಶವ. ಓದಿ ಹೇಳಿದಾಗ, ಅಪರಿಚಿತ ಅನ್ನುವಲ್ಲಿ ತಡೆದು, ಊರಿಗೆಲ್ಲ ನ್ಯಾಯ ಯೋಳ್ತಿದ್ದೋನು ಅಪರಿಚಿತ್ನಾ ಅಂದಳು. ಆಮೇಲೆ ಅವಳೇ, ಇರ್ಲಿ ಬುಡಿ, ಅವ್ರಿಗೇನ್ ಗೊತ್ತು ಅಂದಳು. ಎಲ್ಲಿಗೆ ಕಳಿಸುವುದು ಎನ್ನುವ ಮಾತು ಬಂತು. ಮದ್ದೂರಿನಲ್ಲಿ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ತಿಳಿಯುತ್ತಿತ್ತು. ಮನೆಯ ಹಿಂದೆಯೇ ಹೊಳೆ. ಆಷಾಢದಲ್ಲಿ ಹೊಳೆ ತುಂಬಿತ್ತು. ಹೊಳೆ ಇಲ್ಲಿಂದ ಮಳವಳ್ಳಿ ಸೀಮೆಗೆ ಇಳಿದು ಹೋಗುತ್ತದೆ. ಇದನ್ನು ನಾವಿಬ್ಬರೂ ಬಾಯಲ್ಲಿ ಆಡಲಿಲ್ಲ. ಶಿಂಷಾ ನದಿಯ ಕೆಳಪಾತ್ರದಲ್ಲಿ ಬರುವ ಠಾಣೆಗಳ ದಾಖಲೆ ಎಂದು ಟೈಪು ಮಾಡಿ, ಮಂಡ್ಯದ ಜಿಲ್ಲಾ ಕಚೇರಿಗೆ ಬರೆದೆ. ಅವಳು ರುಜು ಹಾಕುವಾಗ ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತಿತ್ತು.

ಮಂಡ್ಯದವರು ಅದನ್ನು ಮಳವಳ್ಳಿ ಕಡೆಗೆ ವರ್ಗಾಯಿಸಿದ್ದೇವೆ ಎಂದು ಒಂದು ಕಾರ್ಡು ಹಾಕಿದರು. ಕಾಗದವೂ ಹೊಳೆಯ ಹಾದಿಯಲ್ಲೇ ಇಳಿದು ಹೋಯಿತು. ಆಮೇಲೆ ಸುದ್ದಿಯಿಲ್ಲ. ಅಂಚೆಯವನು ಬಂದಾಗಲೆಲ್ಲ ಅವಳದಿದೆಯೇ ಎಂದು ನಾನೇ ಕೇಳುವಂತಾಯಿತು. ಅವಳು ನಮ್ಮ ಅಂಗಡಿಯ ವಿಳಾಸವನ್ನೇ ಕೊಟ್ಟಿದ್ದಳು, ಊರಿಗೆ ಬಂದರೆ ಅಣ್ಣನ ಕೈಗೆ ಸಿಗುತ್ತದೆ ಎಂದು. ಕೊನೆಗೆ ಬಂದ ಉತ್ತರದಲ್ಲಿ, ಕೆಲವು ಪ್ರಕರಣಗಳು ತನಿಖೆಯಲ್ಲಿ ಇರುವುದರಿಂದ ಮಾಹಿತಿ ಕೊಡಲು ಬರುವುದಿಲ್ಲ ಅಂತಿತ್ತು. ಚಿಕ್ಕತಾಯಮ್ಮ ಅದನ್ನು ಕೇಳಿ ಬೆಂಚಿನ ಮೇಲೆ ಹಾಗೇ ಕೂತಳು. ಅಂದ್ರೆ ಅವ್ರ ತಾವ ಏನೋ ಅದೆ ಅಂದಳು. ಅಕ್ಷರ ಬಾರದಿದ್ದರೂ, ಅಷ್ಟು ದಿನಕ್ಕೆ ಅವಳಿಗೂ ಕಾಗದ ಓದುವುದು ಬಂದಿತ್ತು.

ಮೇಲ್ಮನವಿ ಹಾಕಿದೆವು. ಅದರ ವಿಚಾರಣೆ ಮಂಡ್ಯದಲ್ಲಿ. ಕರೆದ ದಿನ ನಾನೂ ಹೋದೆ. ಅವಳು ಮಗಳ ಬಾಣಂತನಕ್ಕೆ ಕೊಂಡಿದ್ದ ಹಸಿರು ಸೀರೆ ಉಟ್ಟಿದ್ದಳು. ಆಗತಾನೆ ಮುಂಗಾರು ಕಾಲಿಟ್ಟಿತ್ತು, ಬಸ್ಸಿನ ಕಿಟಕಿಯಿಂದ ಎರಚಲು ಹೊಡೆಯುತ್ತಿತ್ತು. ಕಚೇರಿಯ ಹೊರಗೆ ಕರೆಯುವವರೆಗೆ ಕಾದು, ಒಳಗೆ ಹೋದೆವು. ಮೇಜಿನ ಹಿಂದಿದ್ದ ಅಧಿಕಾರಿ ಒರಟಲ್ಲ. ನಾನು ಬರೆದದ್ದನ್ನು ಓದಿ, ಕನ್ನಡಕ ತೆಗೆದು, ನಿಮಗೆ ನಿಜವಾಗಿ ಏನು ಬೇಕಮ್ಮ ಎಂದು ಅವಳನ್ನೇ ಕೇಳಿದರು.

"ನಮ್ಮಪ್ಪ ಅವ್ನಾ ಇಲ್ವಾ, ಅಷ್ಟ್ ಯೋಳ್ಬುಡಿ ಸ್ವಾಮಿ. ಇನ್ನೇನೂ ಬ್ಯಾಡ."

ಅದನ್ನು ಹೇಳುವ ಅಧಿಕಾರ ನನಗಿಲ್ಲ ಅಂದರು. ಕಡತದಲ್ಲಿ ಇರುವುದನ್ನು ತೋರಿಸಿ ಅಂತ ಹೇಳಬಲ್ಲೆ, ನೀವು ನೋಡಿ ಹೇಳಬೇಕು ಅಂದರು. ಅಷ್ಟನ್ನೇ ಆದೇಶ ಮಾಡಿದರು. ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ಆ ಕಡೆಯವರು ತೋರಿಸಿಲ್ಲ, ಅರ್ಜಿದಾರರಿಗೆ ಕಡತ ಪರಿಶೀಲನೆಗೆ ಅವಕಾಶ ಕೊಡುವುದು. ಹೊರಗೆ ಬಂದು ಹೋಟೆಲಿಗೆ ಕರೆದುಕೊಂಡು ಹೋದೆ. ಅವಳು ಇಡ್ಲಿಯನ್ನು ಚೂರು ಚೂರು ಮಾಡಿ ತಟ್ಟೆಯ ಸುತ್ತ ಇಟ್ಟಳು, ಬಾಯಿಗಿಡಲಿಲ್ಲ. ನಾನ್ ನೋಡಿ ಯೋಳ್ಬೇಕಂತೆ ಅಂದಳು, ನನಗಲ್ಲ, ತಟ್ಟೆಗೆ.

ಆ ಆದೇಶದ ಪ್ರತಿ ಕೈಗೆ ಬಂದು, ದಿನ ಗೊತ್ತಾಗಿ, ನಾವು ಮಳವಳ್ಳಿ ಬಸ್ಸು ಹತ್ತುವಷ್ಟರಲ್ಲಿ ಮಳೆ ಹಿಂದಾಗಿ ಭಾದ್ರಪದ ಬಂದಿತ್ತು. ಮುಂದಿನ ವಾರವೇ ಪಕ್ಷದ ಅಮಾವಾಸ್ಯೆ. ದಾರಿಯುದ್ದಕ್ಕೂ ಭತ್ತ ಹಸಿರಾಗಿ ನಿಂತಿತ್ತು. ಅಣ್ಣನಿಗೆ ಹೇಳಿದೆಯಾ ಅಂದೆ. ಇಲ್ಲ ಅಂದಳು. ಅಲ್ಲೊಂದು ಠಾಣೆ, ಅದರ ಹೆಸರು ಇಲ್ಲಿ ಬೇಡ. ನಮ್ಮನ್ನು ಒಳಗಿನ ಕೋಣೆಗೆ ಕರೆದು, ಮಧ್ಯವಯಸ್ಸಿನ ಒಬ್ಬ ಪೇದೆ ಕಡತಗಳನ್ನು ತಂದಿಟ್ಟ. ಹೊಟ್ಟೆ ಬಂದಿದ್ದ, ದನಿ ದೊಡ್ಡದು. ಕೂತ್ಕಳವ್ವ, ನಿಧಾನಕ್ಕೆ ನೋಡ್ಕಳಿ, ಯಾರೂ ಓಡುಸ್ಕಂಡ್ ಬತ್ತಿಲ್ಲ ಅಂದು, ಫ್ಯಾನು ಹಾಕಿ, ಬಾಗಿಲ ಹತ್ತಿರ ನಿಂತ.

ಹಿಂದಿನ ವರ್ಷದ ಮಳೆಗಾಲದಿಂದ ಈಚಿನವು. ಫೋಟೋಗಳನ್ನು ಬೇರೆ ಲಕೋಟೆಯಲ್ಲಿಟ್ಟಿದ್ದರು. ಮೊದಲು ವಿವರ ಓದಿ, ಬೇಕೆನಿಸಿದರೆ ಮಾತ್ರ ಅದನ್ನು ತೆಗೆಯಿರಿ ಎಂದು ಪೇದೆ ನನಗೆ ಸನ್ನೆ ಮಾಡಿ ಹೇಳಿದ. ನಾನು ಒಂದೊಂದೇ ಓದಿದೆ. ದನಿ ಏರಿಸದೆ, ಇಳಿಸದೆ, ಅರ್ಜಿ ಓದಿ ಹೇಳುವ ಹಾಗೇ. ಒಬ್ಬ ತರುಣ, ಜೀನ್ಸ್ ಪ್ಯಾಂಟು. ಇದಲ್ಲ. ಒಬ್ಬರು ನಡುವಯಸ್ಸಿನವರು, ಕಾಲಿಗೆ ಕಬ್ಬಿಣದ ಪಟ್ಟಿ. ಇದಲ್ಲ. ಮುಂದಿನದು ಆ ಆಷಾಢದ್ದೇ. ಸುಮಾರು ಎಂಬತ್ತು ವರ್ಷ, ನದಿ ದಂಡೆಯ ಜೊಂಡಿನಲ್ಲಿ, ನೀರಿನಲ್ಲಿ ಇದ್ದದ್ದರಿಂದ ಮುಖ ಗುರುತು ಸಿಗುವಂತಿಲ್ಲ. ಮುಂದೆ ಬಟ್ಟೆಯ ವಿವರ: ಪಂಚೆ, ಮೈಮೇಲೆ ನೇರಳೆ ಬಣ್ಣದ ಹೆಂಗಸರ ಸ್ವೆಟರ್, ಮೇಲಿನ ಗುಂಡಿ ಮಾತ್ರ ಬಿಳಿ. ನನಗೆ ಉಸಿರು ಬಂದಂತಾಯಿತು. ಹೆಂಗಸರ ಸ್ವೆಟರ್ ಅಂತೆ, ಇದಲ್ಲ ಅಂದು ಹಾಳೆ ತಿರುವಲು ಬೆರಳಿಟ್ಟೆ.

ಅವಳ ಕೈ ಬಂದು ಹಾಳೆಯ ಮೇಲೆ ಕೂತಿತು.

"ನಂದು" ಅಂದಳು.

ಆ ಬೆಳಗ್ಗೆ ಸೋನೆಯಲ್ಲಿ ನೆನೆದು ಬಂದಿದ್ದರಂತೆ ಅಪ್ಪ. ನಡುಗುತ್ತಿದ್ದರು. ಒದ್ದೆ ಶರ್ಟು ಬಿಚ್ಚಿಸಿ, ಒಲೆಯ ಮುಂದೆ ಹರವಿ, ತನ್ನ ಸ್ವೆಟರನ್ನೇ ಹಾಕಿದ್ದಳು. ಕೈ ತೂರಿಸಲು ಬಾರದೆ ಮಗುವಿನ ಹಾಗೆ ನಕ್ಕರಂತೆ. ಉದುರಿಹೋಗಿದ್ದ ಮೇಲಿನ ಗುಂಡಿಯ ಜಾಗಕ್ಕೆ ಗಂಡನ ಹಳೆ ಶರ್ಟಿನ ಗುಂಡಿ ಹೊಲಿದಿದ್ದಳು, ಅದನ್ನು ಅವಳೇ ಹಾಕಿ ಕಳಿಸಿದ್ದಳು. ಇದನ್ನೆಲ್ಲ ಅಣ್ಣನಿಗೆ ಅವತ್ತೇ ಹೇಳಿದ್ದಳು, ಕಂಪ್ಲೇಂಟಿನಲ್ಲಿ ಬರೆಸು ಅಂತ.

ಪೇದೆ ಹತ್ತಿರ ಬಂದು ಬೇರೊಂದು ಹಾಳೆ ಹುಡುಕಿ ತೆಗೆದ. ಗುರುತು ಹತ್ತಲಿ ಎಂದು ಸುತ್ತಲಿನ ಠಾಣೆಗಳಿಗೆಲ್ಲ ಆಗ ನೋಟೀಸು ಕಳಿಸಿದ್ದರಂತೆ. ಮದ್ದೂರಿನ ಕಡೆಯ ಕಾಣೆಯಾದವರ ವಿವರದ ಜೊತೆ ಹೋಲಿಸಿಯೂ ಇದ್ದರು. ಅಲ್ಲಿ ಬರೆದಿದ್ದದ್ದು: ಬಿಳಿ ಪಂಚೆ, ಬಿಳಿ ಶರ್ಟು. ಹೊಂದಾಣಿಕೆ ಆಗಿರುವುದಿಲ್ಲ ಎಂದು ಕೆಳಗೆ ಷರಾ.

ಚಿಕ್ಕತಾಯಮ್ಮ ಚೀಲದಿಂದ ಫೋನು ತೆಗೆದು ಅಣ್ಣನಿಗೆ ಹಚ್ಚಿಕೊಡಿ ಅಂದಳು. ಅದರ ದನಿ ಯಾವಾಗಲೂ ಆಚೆಗೆ ಕೇಳುತ್ತದೆ. ಅಣ್ಣ, ಸ್ವೆಟರ್ ಬರೆಸ್ದ್ಯಾ ಅವತ್ತು ಅಂದಳು. ಆ ಕಡೆ ಟ್ರ್ಯಾಕ್ಟರಿನ ಸದ್ದಿತ್ತು, ಅದು ನಿಂತಿತು. ಆಮೇಲೆ ನಂಜೇಗೌಡನ ಮಾತು ಬಂತು.

"ಲೇ ಚಿಕ್ಕಿ... ಊರಿಗ್ ನ್ಯಾಯ ಯೋಳ್ದೋನು ಮಗಳ್ ಸ್ವೆಟರ್ ಆಕಂಡ್ ತಿರುಗ್ತಿದ್ದ ಅಂತ ಟೇಸನ್ನಲ್ಲಿ ನಾಲ್ಕ್ ಜನದ್ ಮುಂದೆ ಎಂಗಮ್ಮಿ ಬರೆಸ್ಲಿ? ಸಂಜೀಕ್ ಸಿಕ್ತಾನೆ ಅಂದ್ಕಂಡೆ."

ಅವಳು ಬೈಯಲಿಲ್ಲ. "ಸರಿ ಬುಡು. ಸಿಕ್ದ. ಮಳವಳ್ಳಿಲವ್ನೆ" ಅಂದಳು. ಫೋನನ್ನು ನನ್ನ ಕೈಗೆ ಕೊಟ್ಟಳು. ಆ ಕಡೆ ಅವನು ಅಳುವುದು ಕೇಳುತ್ತಲೇ ಇತ್ತು, ಎಲ್ಲಿ ಒತ್ತಿ ನಿಲ್ಲಿಸಬೇಕೋ ನನಗೂ ಗಡಿಬಿಡಿಯಾಯಿತು.

ಲಕೋಟೆ ತೆಗೆಯಲಿಲ್ಲ. ಬೇಡ ಅಂದಳು. ಬೋರೇಗೌಡರನ್ನು ಆಸ್ಪತ್ರೆಯಲ್ಲಿ ಇರಿಸಿ, ಕಾದು, ಯಾರೂ ಬಾರದ ಮೇಲೆ ಊರಾಚೆಯ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಮಣ್ಣು ಮಾಡುವಾಗ ಇದ್ದದ್ದು ಇದೇ ಪೇದೆ. ಅಲ್ಲಿಗೆ ಕರ್ಕೊಂಡೋಗ್ತೀನಿ, ಸ್ವಲ್ಪ ತಡೀರಿ ಅಂದ. ಆ ಕಡತದ ಪುಟಗಳ ನಕಲು ಮಾಡಿಸಲು ನಾನು ಎದುರಿನ ಅಂಗಡಿಗೆ ಹೋದೆ. ಬೇರೆಯವರ ಮೆಷೀನಿನ ಮುಂದೆ ನಿಂತು ಕಾಯುವುದು ನನಗೆ ಅಭ್ಯಾಸವಿಲ್ಲ. ಬಂದ ಒಂದೊಂದು ಹಾಳೆಯನ್ನೂ ಅಕ್ಷರ ಮೂಡಿದೆಯೇ ಎಂದು ನೋಡುತ್ತಾ ಓದಿದೆ, ಕೊನೆಯ ಪುಟದವರೆಗೂ.

ದಾರಿಯಲ್ಲಿ ಅವಳು ಬೂತಿನಲ್ಲಿ ಒಂದು ಪ್ಯಾಕೆಟ್ ಹಾಲು ತೆಗೆದುಕೊಂಡಳು. ತುಪ್ಪ ಸಿಗಲಿಲ್ಲ. ಸ್ಮಶಾನದ ಒಂದು ಮೂಲೆ, ಹೊಂಗೆ ಮರ, ಹುಲ್ಲು ಮೊಣಕಾಲವರೆಗೆ ಬೆಳೆದಿತ್ತು. ವಾರಸುದಾರರಿಲ್ಲದವರನ್ನೆಲ್ಲ ಈ ಸಾಲಿನಲ್ಲೇ ಇಡೋದು ಅಂದ ಪೇದೆ. ಇವರನ್ನು ಎಲ್ಲಿ ಅಂದರೆ ಇಂಥ ಜಾಗ ಅಂತ ಅವನಿಗೂ ಹೇಳಲಾಗಲಿಲ್ಲ. ಆ ವರ್ಷದ ಮಳೆ, ಈ ವರ್ಷದ ಮಳೆ ಎರಡೂ ಸುರಿದಿವೆ, ಗುಡ್ಡೆಯೆಲ್ಲ ಕುಸಿದು ಸಮ ಆಗಿದೆ ಅಂದ. ತಾನೇ ಮೂರು ಹಿಡಿ ಮಣ್ಣು ಹಾಕಿದೆ, ಗಂಧದಕಡ್ಡಿ ಹಚ್ಚಿದೆ, ಅಷ್ಟು ಮಾಡದೆ ಬರಲಾಗುವುದಿಲ್ಲ ಅಂದ. ಅವಳು ಅವನಿಗೆ ಕೈಮುಗಿದಳು. ಚಪ್ಪಲಿ ಬಿಟ್ಟು, ಹಲ್ಲಿನಲ್ಲಿ ಪ್ಯಾಕೆಟ್ ಕಚ್ಚಿ ಹರಿದು, ಆ ಸಾಲಿನ ಈ ತುದಿಯಿಂದ ಆ ತುದಿಯವರೆಗೂ ಸಣ್ಣಗೆ ಹಾಲು ಬಿಡುತ್ತಾ ನಡೆದಳು. ಯಾರ್ಯಾರಿದ್ದರೋ, ಎಲ್ಲರಿಗೂ ಒಂದಿಷ್ಟು ಆಯಿತು. ಕೊನೆಗೆ ಕೂತು ಮಣ್ಣು ಸವರಿದಳು. ಅತ್ತದ್ದು ಆಗಲೇ.

ಎದ್ದ ಮೇಲೆ ಪೇದೆಯ ಕಡೆ ತಿರುಗಿ ಕೇಳಿದಳು. ಮಣ್ಣ್ ಮಾಡ್ವಾಗ ಸ್ವೆಟರ್ ಮೈಮ್ಯಾಲೇ ಇತ್ತಾ, ಇಲ್ಲ ಬಿಚ್‌ಬುಟ್ರಾ? ಚಳಿ ತಡೀತಿರ್ಲಿಲ್ಲ ಅವ್ನು.

ಪೇದೆ ನನ್ನ ಮುಖ ನೋಡಿದ. ಕೊನೆಯ ಪುಟದಲ್ಲಿ ಇದ್ದದ್ದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೃತನ ಮೈಮೇಲಿನ ಬಟ್ಟೆಗಳನ್ನು ಗುರುತಿಗಾಗಿ ತೆಗೆದಿರಿಸಿದ್ದು, ವಾರಸುದಾರರು ಬಾರದ ಕಾರಣ ಆದೇಶದಂತೆ ಸುಡಲಾಗಿದೆ. ಸುಟ್ಟದ್ದು ಯುಗಾದಿಗೆ ಸ್ವಲ್ಪ ಮುಂಚೆ, ನಮ್ಮ ಮೊದಲನೆಯ ಅರ್ಜಿಗೆ ಉತ್ತರ ಬಂದ ಮೇಲೆ.

"ಅಂಗೇ ಇತ್ತು ಕಣವ್ವ" ಅಂದ ಪೇದೆ. ಅಷ್ಟು ದೊಡ್ಡ ದನಿಯವನು ತುಂಬ ಮೆತ್ತಗೆ ಅಂದ. "ಗುಂಡಿನೂ ಆಕೇ ಇತ್ತು."

ಅವಳು ನನ್ನ ಕಡೆ ನೋಡಿದಳು. ಒಂದು ವರ್ಷ ನನ್ನ ಬಾಯಿಂದ ಕಾಗದ ಕೇಳಿದವಳು. ಬಾಯಿಮಾತು ಯಾರು ಬೇಕಾದರೂ ಆಡುತ್ತಾರೆ, ಬರೆದಿರುವುದೇ ಲೆಕ್ಕ ಎಂದು ನಾನೇ ಅವಳಿಗೆ ಎಷ್ಟು ಸಲ ಹೇಳಿದ್ದೆನೋ.

"ಕಾಗ್ದದಲ್ಲೂ ಅಂಗೇ ಬರ್ದವ್ರಾ ಅಕ್ಕ?"

"ಊಂ" ಅಂದೆ. "ಅಂಗೇ ಬರ್ದವ್ರೆ."

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಮಾಸೆಗೆ ಎಡೆ ಇಕ್ಕಬೌದು ಅಂದಳು, ಕಜ್ಜಾಯಕ್ಕೆ ಅಕ್ಕಿ ನೆನೆಹಾಕಬೇಕು ಅಂದಳು. ಸ್ವಲ್ಪ ಹೊತ್ತಿಗೆಲ್ಲ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು, ಬಾಯಿ ತೆರೆದು, ಗಾಢವಾಗಿ. ಹಾಳೆಗಳಿದ್ದ ಚೀಲ ನನ್ನ ತೊಡೆಯ ಮೇಲಿತ್ತು. ಮದ್ದೂರು ಬರುವವರೆಗೂ ಅದರ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದೆ.